ರೋಸ್ವಿತಾಳ ಹೊಗೆಯಮ್ಮ

"ಹೆಂಗಸು ಹೊಗೆ ಬಿಡೋದು ಅಂದ್ರೇನೇ? ನಮ್ಮೂರ ಸಂತೇಲಿ ಯಾವತ್ತಾದ್ರೂ ಕಂಡಿದ್ದೀಯಾ?"

ಕ್ರಿಸ್‌ಮಸ್ ಸಂತೆಯ ಸಮಿತಿ ಸೇರಿದ್ದಾಗ ಲೋಥಾರ್ ಹೀಗೆ ಕೇಳಿದ್ದೇ ತಪ್ಪಾಯಿತು. ಕೇಳಿದ್ದು ಯಾರನ್ನು? ರೋಸ್ವಿತಾಳನ್ನು. ಎಪ್ಪತ್ತು ದಾಟಿದ ಹೆಂಗಸು, ಮರ ಕಡೆದು ಪಳಗಿದ ಕೈ, ಉಳಿಗಿಂತ ಹರಿತವಾದ ಬಾಯಿ. ಗಂಡ ಬದುಕಿದ್ದಾಗಲೂ ಮನೆಯಲ್ಲಿ ಲೇತ್ ಮುಂದೆ ನಿಲ್ಲುತ್ತಿದ್ದವಳು ಅವಳೇ. ಗಂಡ ಬಣ್ಣ ಹಚ್ಚುತ್ತಿದ್ದ, ಅದೂ ಅವಳು ಹೇಳಿದ ಬಣ್ಣ.

ಜರ್ಮನಿಯ ಈ ಗಣಿಬೆಟ್ಟಗಳ ಕಡೆ ಡಿಸೆಂಬರ್ ಬಂತೆಂದರೆ ಪ್ರತಿ ಮನೆಯಲ್ಲೂ ಒಬ್ಬ ಹೊಗೆಯಪ್ಪ ಹಾಜರಿರಬೇಕು. ಮರದ ಗೊಂಬೆ ಅವನು, ಹೊಟ್ಟೆಯೆಲ್ಲ ಟೊಳ್ಳು. ಒಳಗೆ ತಗಡಿನ ಮೇಲೆ ಬೆರಳ ತುದಿಯಷ್ಟು ಧೂಪ ಹಚ್ಚಿಟ್ಟು ಮೇಲರ್ಧ ಮುಚ್ಚಿದರೆ ದುಂಡು ಬಾಯಿಂದ ಹೊಗೆ ಬಿಡುತ್ತ ಕೂತಿರುತ್ತಾನೆ. ಗಣಿಯವನು, ಕಾಡು ಕಾಯುವವನು, ಅಂಚೆಯವನು, ಬ್ರೆಡ್ ಸುಡುವವನು, ಹೀಗೆ ಊರಿನ ಗಂಡಸರೆಲ್ಲ ಮರವಾಗಿ ಹೊಗೆ ಬಿಟ್ಟಾಗಿದೆ. ನಮ್ಮ ಸ್ಟೈನ್‌ಗ್ರುಂಡ್ ಸಂತೆಯಲ್ಲಿ ಹೆಂಗಸಿನ ಗೊಂಬೆಯನ್ನು ಮಾತ್ರ ಯಾರೂ ಇಟ್ಟಿರಲಿಲ್ಲ. ಬೇರೆ ಊರುಗಳಲ್ಲಿ ಇಡುತ್ತಾರಂತೆ. ಆದರೆ ಬೇರೆ ಊರಿನ ಮಾತು ನಮ್ಮೂರಲ್ಲಿ ನಡೆಯುವುದು ಅಷ್ಟರಲ್ಲೇ ಇದೆ.

ಲೋಥಾರ್ ಕೆಟ್ಟವನೇನಲ್ಲ. ಅವನೂ ಹೊಗೆಯಪ್ಪಂದಿರನ್ನು ಕಡೆಯುವವನೇ. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಮೇಷ್ಟ್ರ ಕೈಲಿ ಪೆಟ್ಟು ತಿಂದವರು. ಆದರೆ ಸಮಿತಿಯ ಅಧ್ಯಕ್ಷನಾದ ಮೇಲೆ ಅವನಿಗೆ ಸಂಪ್ರದಾಯ ಅನ್ನುವುದು ತಲೆಗೇರಿತ್ತು. ಪ್ಲಾಸ್ಟಿಕ್ ಹಾರ ಕೂಡದು, ಮಿಣುಕುವ ಬಣ್ಣದ ದೀಪ ಕೂಡದು, ಅಜ್ಜ ಮುತ್ತಜ್ಜ ಮಾರದ್ದನ್ನು ಮಾರಕೂಡದು.

"ಅಜ್ಜ ಮುತ್ತಜ್ಜ ಅಂತೀಯಲ್ಲೋ, ಯಾವ ಮುತ್ತಜ್ಜ?" ರೋಸ್ವಿತಾ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. "ಈ ಸಂತೆ ಹುಟ್ಟಿದ್ದು ಯಾತಕ್ಕೆ ಹೇಳು ನೋಡಣ. ಮಾಂಸಕ್ಕೆ! ಉಪವಾಸ ಮುಗಿಸಿ ಹಬ್ಬದೂಟ ಮಾಡ್ಬೇಕು, ಅದಕ್ಕೆ ಜನ ಮಾಂಸ ಕೊಳ್ಳೋಕೆ ಬರ್ತಿದ್ರು. ಆಮೇಲೆ ಬಾಣಲೆಯವನು ಬಂದ, ಪೊರಕೆಯವನು ಬಂದ, ಉಣ್ಣೆ ಕಾಲುಚೀಲದವಳು ಬಂದ್ಲು. ಆಗ ನಿನ್ನ ಹೊಗೆಯಪ್ಪ ಎಲ್ಲಿದ್ದ? ಕಾಡಲ್ಲಿ ಮರವಾಗಿ ನಿಂತಿದ್ದ!"

ಸಭೆಯಲ್ಲಿ ಯಾರೋ ನಕ್ಕರು. ಲೋಥಾರ್ ಮೀಸೆ ಸವರಿಕೊಂಡ.

"ಬಂದಿದ್ದು ಲೇಟಾದ್ರೂ ನೂರಾರು ವರ್ಷ ಆಯ್ತು ಕಣೇ."

"ಆಯ್ತು, ಒಪ್ಪಿದೆ. ಗಣೀಲಿ ತವರ ಮುಗೀತು, ಗಂಡಸ್ರು ಕೈ ಕಟ್ಕೊಂಡು ಕೂತ್ರು, ಹೊಟ್ಟೆಪಾಡಿಗೆ ಮರ ಕಡೆಯೋಕೆ ಹೊರಟ್ರು. ಕಡೆದಿದ್ದನ್ನ ಡ್ರೆಸ್ಡನ್ ಸಂತೆವರೆಗೂ ಹೊತ್ತೋರು ಯಾರು? ನಮ್ಮಜ್ಜಿ ಇಡಾ. ನಿಮ್ಮಜ್ಜೀನೂ ಅಷ್ಟೆ. ಬೆನ್ನಿಗೆ ಅಷ್ಟೆತ್ತರ ಬುಟ್ಟಿ ಕಟ್ಕೊಂಡು ಹಿಮದಲ್ಲಿ ಹೆಜ್ಜೆ ಹಾಕಿದ್ದು ಅವರು. ನೀವು ಗಂಡಸ್ರು ಮನೇಲಿ ಒಲೆ ಕಾಯ್ತಿದ್ರಿ. ಸಂತೇಲಿ ಗೊಂಬೆ ಮಾತ್ರ ಎಲ್ಲಾ ನಿಮ್ದೇ!"

"ಅದು ಸರಿ. ಹೊಗೆ?"

"ಇಡಾಜ್ಜಿ ದಾರಿ ಉದ್ದಕ್ಕೂ ಪೈಪ್ ಸೇದ್ತಿದ್ಲು ಕಣೋ. ನಿಮ್ಮ ತಾತ ಬಾಗ್ಲಲ್ಲಿ ನಿಂತು ಅವಳನ್ನ ಹೊಗೆಸೊಪ್ಪಿಗೆ ಕಾಡ್ತಿದ್ದ. ಬೇಕಾದ್ರೆ ನಿಮ್ಮಕ್ಕನ್ನ ಕೇಳು."

ಈ ಸಲ ಸಭೆಯೆಲ್ಲ ನಕ್ಕಿತು. ನಗು ನಿಂತ ಮೇಲೂ ಲೋಥಾರ್ ಪಟ್ಟು ಬಿಡಲಿಲ್ಲ. ಹೊಗೆಯಪ್ಪ ಅನ್ನುವುದು ಆಟದ ಸಾಮಾನಲ್ಲ, ಹೊಗೆ ಸರಿಯಾಗಿ ಎಳೆಯಬೇಕು, ಕೋಟಿನ ಕೆಳಗೆ ಕಾಲಿನ ಸಂದಿ ಇರುವ ಗಂಡಸಿನ ಗೊಂಬೆಗೆ ಅದು ಹೊಂದುತ್ತದೆ, ಲಂಗದ ಗೊಂಬೆಗೆ ಹೊಂದುವುದಿಲ್ಲ ಎಂದ. ಇದೇ ಮಾತಿಗೆ ರೋಸ್ವಿತಾಳ ಕಿವಿ ಕೆಂಪಾಯಿತು. ಹೆಂಗಸು ಬೇಡ ಅಂದಿದ್ದರೆ ನಕ್ಕು ಸುಮ್ಮನಾಗುತ್ತಿದ್ದಳೋ ಏನೋ. ನಿನ್ನ ಕೈಲಿ ಆಗದು ಅಂದರೆ?

"ಹಂಗಾದ್ರೆ ಕೇಳು," ಎಂದಳು. "ಈ ವರ್ಷ ನನ್ನ ಮಳಿಗೇಲಿ ಹೊಗೆಯಮ್ಮ ಬಿಟ್ರೆ ಬೇರೇನೂ ಇರಲ್ಲ. ಅವಳು ಹೊಗೆ ಬಿಡಲಿಲ್ಲ ಅಂದ್ರೆ ಮಳಿಗೇನೂ ಬೇಡ. ನನ್ನ ಮೂಲೇನ ಬೇರೆಯವರಿಗೆ ಕೊಟ್ಬಿಡು."

ರೋಸ್ವಿತಾಳ ಮೂಲೆ ಅಂದರೆ ಚೌಕದ ನಡುವೆ ಹಬ್ಬದ ಗೊಂಬೆಗಳನ್ನು ಹೊತ್ತು ತಿರುಗುವ ಮರದ ಗೋಪುರದ ಪಕ್ಕದ್ದು. ಗೋಪುರ ನೋಡಲು ಬಂದವರೆಲ್ಲ ಆ ಮಳಿಗೆಯ ಮುಂದೆ ಹಾದೇ ಹೋಗಬೇಕು. ಇಡಾಜ್ಜಿ ಬುಟ್ಟಿ ಇಳಿಸಿ ಕೂತ ಜಾಗವೂ ಅದೇ. ಆಮೇಲೆ ರೋಸ್ವಿತಾಳ ತಾಯಿ ಕೂತಳು, ಆಮೇಲೆ ಇವಳು. ಕೆಮ್ನಿಟ್ಸ್ ಪಟ್ಟಣದಿಂದ ಬಂದು ಕರಗಿದ ಚೀಸ್ ಮಾರುವ ರೋನಿ ಎಂಬವನು ಆ ಮೂಲೆಯ ಮೇಲೆ ಕಣ್ಣಿಟ್ಟು ವರ್ಷಗಳೇ ಆಗಿದ್ದವು. ಬಾಗಿಲ ಬಳಿ ಕೂತಿದ್ದ ಅವನು ಈಗ ಕಿವಿ ನೆಟ್ಟಗೆ ಮಾಡಿದ.

"ಬರೀ ಬಾಯಿಮಾತಲ್ಲ ತಾನೆ ರೋಸ್ವಿತಕ್ಕ?" ಎಂದ.

"ನಿನ್ನ ಚೀಸ್ ಥರ ಕರಗೋ ಮಾತಲ್ಲಪ್ಪ ನಂದು."

ಲೋಥಾರ್ ಒಂದು ಗಳಿಗೆ ಅವಳ ಮುಖ ನೋಡಿದ. ಬೇಡ ಕಣೇ ಎನ್ನುವ ಹಾಗಿತ್ತು ಆ ನೋಟ. ಆದರೆ ಅಧ್ಯಕ್ಷನಲ್ಲವೇ, ಎಲ್ಲರ ಮುಂದೆ ಹೇಳಿಯೂಬಿಟ್ಟ. "ಸಂತೆ ಶುರುವಾಗೋ ದಿನ, ಜನರ ಮುಂದೆ, ಒಂದು ಧೂಪ. ಹಚ್ಚಿದ ಧೂಪ ಬೂದಿ ಆಗೋವರೆಗೂ ಅವಳ ಬಾಯಿಂದ ಹೊಗೆ ಬರ್ಬೇಕು. ಬಂದ್ರೆ ಹೊಗೆಯಮ್ಮನೂ ನಿಂದು, ಮೂಲೇನೂ ನಿಂದು. ಇಲ್ದಿದ್ರೆ ರೋನಿಗೆ."

ಹೊರಗೆ ಬಂದ ಮೇಲೆ ಬಿಸಿ ವೈನ್ ಅಂಗಡಿಯ ಮಾರ್ಲೀಸ್ ಅವಳ ತೋಳು ಹಿಡಿದಳು. ಮಾರ್ಲೀಸ್ ಗೋಪುರದ ಆಚೆ ಬದಿಯವಳು, ರೋಸ್ವಿತಾಳ ಜೀವದ ಗೆಳತಿ. "ತಲೆ ನೆಟ್ಟಗಿದೆಯೇನೇ ನಿಂಗೆ? ಮೂಲೆ ಪಣಕ್ಕಿಟ್ಯಲ್ಲೇ!"

"ಸೋಲೋ ಆಟಕ್ಕೆ ಯಾರಾದ್ರೂ ಪಣ ಕಟ್ತಾರೇನೇ?" ಎಂದು ರೋಸ್ವಿತಾ ಟೋಪಿ ಎಳೆದುಕೊಂಡು ಹೊರಟಳು.

ಅವಳಿಗೆ ಅನುಮಾನವೇ ಇರಲಿಲ್ಲ. ಕೈ ಬಲ್ಲದ್ದನ್ನು ಕೈಗೆ ಬಿಟ್ಟರಾಯಿತು. ಒಣಗಿಸಿಟ್ಟಿದ್ದ ಲಿಂಡನ್ ಮರ ತೆಗೆದು ಗಂಟೆಯ ಹಾಗೆ ಅಗಲವಾದ ಲಂಗ ಕಡೆದಳು. ಮೇಲೆ ದಪ್ಪ ಶಾಲು ಹೊದ್ದ ಭುಜ, ಗಾಳಿಗೆ ಕೆಂಪಾದ ಕೆನ್ನೆ, ಬಾಯಲ್ಲಿ ಮೋಟು ಪೈಪ್, ಬೆನ್ನಿಗೆ ಬುಟ್ಟಿ. ಬುಟ್ಟಿಯಲ್ಲಿ ಅಕ್ಕಿಕಾಳಿನಷ್ಟೇ ದೊಡ್ಡ ಕುದುರೆಗಳು, ಕುರಿಗಳು. ಇಡಾಜ್ಜಿಯ ಒಂದು ಪಟವೂ ಮನೆಯಲ್ಲಿ ಉಳಿದಿರಲಿಲ್ಲ. ಆದರೆ ಮೊದಲ ಗೊಂಬೆಗೆ ಹುಬ್ಬು ಬರೆದಾಗ ರೋಸ್ವಿತಾಳೇ ಬೆಚ್ಚಿಬಿದ್ದು, "ಬಂದ್ಯಾ?" ಅಂದುಬಿಟ್ಟಳು.

ಲಂಗದ ಅಂಚಿಗೆ ಅವಳು ಪಟ್ಟ ಶ್ರಮ ಹೇಳತೀರದು. ತಗಡು ಕೂರುವ ಪುಟ್ಟ ಮರದ ಬಿಲ್ಲೆಯ ಮೇಲೆ ಲಂಗವನ್ನು ಕವುಚಿದರೆ ಅದು ನೆಲಕ್ಕೆ ಅಂಟಿಕೊಂಡ ಹಾಗೆ ಕೂರಬೇಕು, ಒಂದಿಷ್ಟೂ ಕುಂಟಬಾರದು. ಕಡೆದು, ಉಜ್ಜಿ, ಮತ್ತೆ ಕಡೆದು, ಸುತ್ತಲೂ ಒಂದು ಹಾಳೆಯೂ ತೂರದ ಹಾಗೆ ಮಾಡಿದಳು. ಅಂಥ ಅಂಚು ಲೋಥಾರನ ಅಪ್ಪನ ಕೈಯಿಂದಲೂ ಬಂದಿರಲಿಕ್ಕಿಲ್ಲ.

ಮನೆಯ ಕಿಟಕಿಕಟ್ಟೆಯ ಮೇಲೆ ತಾಯಿ ಹೆಣೆದ ಕ್ರೋಶಾ ಬಟ್ಟೆ ಹಾಸಿ, ಮೇಲೆ ಗೊಂಬೆ ಇಟ್ಟು, ಧೂಪ ಹಚ್ಚಿ ನೋಡಿದಳು. ಆಹಾ, ಏನು ಹೊಗೆ! ಮೆಲ್ಲಗೆ, ಒಂದೇ ಎಳೆಯಾಗಿ, ಸೇದಿ ಸೇದಿ ಅನುಭವ ಇದ್ದವರ ಹಾಗೆ. ಆ ಶರತ್ಕಾಲವೆಲ್ಲ ಅವಳು ಕಡೆದದ್ದೇ ಕಡೆದದ್ದು. ಕಪಾಟು ತುಂಬ ಇಡಾಜ್ಜಿಯರು ಸಾಲಾಗಿ ನಿಂತರು.

ಸಂತೆ ಶುರುವಾದ ದಿನ ಮಧ್ಯಾಹ್ನ ಕಳೆಯುವ ಮೊದಲೇ ಕತ್ತಲಾಗಿತ್ತು. ನಮ್ಮ ಕಡೆ ಆ ತಿಂಗಳು ಸೂರ್ಯ ಬರುವುದು ಶಾಸ್ತ್ರಕ್ಕೆ. ಜನ ಸಂತೆಗೆ ಯಾಕೆ ಬರುತ್ತಾರೆ ಎಂದು ಪೇಟೆಯ ಪತ್ರಿಕೆಗಳು ಪ್ರತಿವರ್ಷ ಉದ್ದುದ್ದ ಬರೆಯುತ್ತವೆ. ಕತ್ತಲು, ಚಳಿ, ಮನೆಯಲ್ಲಿ ಅದೇ ಮುಖಗಳು, ಇಷ್ಟೇ ವಿಷಯ. ಇಲ್ಲಿ ದೀಪ ಇದೆ, ಲವಂಗ ಚಕ್ಕೆ ಹಾಕಿ ಕಾಯಿಸಿದ ವೈನ್ ಇದೆ, ಸಕ್ಕರೆಯಲ್ಲಿ ಹುರಿದ ಬಾದಾಮಿಯ ಪರಿಮಳ ಇದೆ. ಬೇಸಿಗೆಯಲ್ಲಿ ಜಗಳವಾಡಿ ಮಾತು ಬಿಟ್ಟವರು ಇಲ್ಲಿ ಬಿಸಿ ಲೋಟ ಹಿಡಿದು ಭುಜಕ್ಕೆ ಭುಜ ತಾಗಿಸಿ ನಿಲ್ಲಲೇಬೇಕು, ಜಾಗ ಅಷ್ಟು ಇಕ್ಕಟ್ಟು. ಗೊಂಬೆ ಕೊಳ್ಳುವುದೆಲ್ಲ ಒಂದು ನೆಪ. ಆದರೆ ಆ ನೆಪವನ್ನು ಯಾರೋ ಕೈಯಿಂದ ಮಾಡಿರಬೇಕು, ಮಾಡಿದವರು ಎದುರಿಗೆ ನಿಂತಿರಬೇಕು. ಇಲ್ಲದಿದ್ದರೆ ಅಂಗಡಿಬೀದಿ ಸಾಲದೇ?

ಗಣಿಯವರ ಕಪ್ಪು ಸಮವಸ್ತ್ರ ತೊಟ್ಟ ವಾದ್ಯದವರು ತುತ್ತೂರಿ ಊದಿದರು, ಗೋಪುರ ತಿರುಗತೊಡಗಿತು, ಜನ ಚಪ್ಪಾಳೆ ತಟ್ಟಿದರು. ತಟ್ಟಿದವರೆಲ್ಲ ನೇರ ರೋಸ್ವಿತಾಳ ಮೂಲೆಗೆ ಬಂದರು. ಪಣದ ಸುದ್ದಿ ಸುತ್ತಲಿನ ಹಳ್ಳಿಗಳಿಗೂ ಮುಟ್ಟಿತ್ತು.

ರೋಸ್ವಿತಾ ಹಲಗೆಯ ಮೇಲೆ ಹೊಸ ಕೆಂಪು ರೆಕ್ಸಿನ್ ಹಾಸಿದ್ದಳು. ಇಂಥ ದಿನಕ್ಕೆ ಹಳೆಯ ಬಟ್ಟೆ ಯಾಕೆ ಎಂದು ಅಂದವಾಗಿಯೇ ಸಿಂಗರಿಸಿದ್ದಳು. ನಡುವೆ ಮೊದಲ ಹೊಗೆಯಮ್ಮ, ಹಿಂದೆ ಸಾಲಾಗಿ ಉಳಿದವರು. ಲೋಥಾರ್ ಕೈಗವಸು ತೆಗೆದು ತಾನೇ ಧೂಪ ಹಚ್ಚಿ, ತುದಿ ಕೆಂಪಾಗುವವರೆಗೆ ಊದಿ, ತಗಡಿನ ಮೇಲಿಟ್ಟ. ರೋಸ್ವಿತಾ ಲಂಗ ಕವುಚಿದಳು.

ಪೈಪಿನ ತುದಿಯಿಂದ ಒಂದು ಎಳೆ ಹೊಗೆ ಬಂತು. "ಓ!" ಎಂದಿತು ಗುಂಪು.

"ಏನಪ್ಪಾ ಅಧ್ಯಕ್ಷ, ಹೆಂಗಿದಾಳೆ ನಮ್ಮಜ್ಜಿ?" ರೋಸ್ವಿತಾ ಸೊಂಟದ ಮೇಲೆ ಕೈ ಇಟ್ಟಳು.

"ಇನ್ನೂ ಬೂದಿ ಆಗಿಲ್ವಲ್ಲ," ಎಂದ ಲೋಥಾರ್.

ಬಾಯಿ ಮುಚ್ಚುವಷ್ಟರಲ್ಲಿ ಎಳೆ ತೆಳ್ಳಗಾಯಿತು. ಒಂದು ಸಲ ನಡುಗಿತು. ಆಮೇಲೆ ಇಲ್ಲ.

ಎಲ್ಲರೂ ಕಾದರು. ಇಡಾಜ್ಜಿ ಬಾಯಲ್ಲಿ ಪೈಪ್ ಕಚ್ಚಿಕೊಂಡು ಸುಮ್ಮನೆ ನಿಂತಿದ್ದಳು. ಹಿಂದಿನಿಂದ ಯಾರೋ, "ಹೊಗೆಸೊಪ್ಪು ಲೋಥಾರನ ತಾತ ಇಸ್ಕೊಂಡ ಅಂತ ಕಾಣುತ್ತೆ!" ಎಂದು ಕೂಗಿದ. ನಗೆ ಎದ್ದಿತು. ರೋನಿ ಜೇಬಿನಿಂದ ಟೇಪ್ ತೆಗೆದು ಮಳಿಗೆಯ ಅಗಲ ಅಳೆಯತೊಡಗಿದ.

"ಲೋ, ಹೆಣ ಏಳೋ ಮುಂಚೇನೇ ಚಾಪೆ ಸುತ್ತುತೀಯಲ್ಲೋ!" ಮಾರ್ಲೀಸ್ ವೈನ್ ಸೌಟು ಹಿಡಿದೇ ಓಡಿ ಬಂದಳು. "ಇಡು ಆ ಟೇಪು!"

"ನಾನೇನ್ ಮಾಡ್ದೆ ಮಾರ್ಲೀಸಕ್ಕ? ಮಾತು ಮಾತೇ ತಾನೆ?"

ರೋಸ್ವಿತಾಳಿಗೆ ಇದೊಂದೂ ಕೇಳಿಸುತ್ತಿರಲಿಲ್ಲ. ಮೂಲೆ ಹೋಯಿತು ಎಂಬ ಯೋಚನೆ ಬರಲಿಲ್ಲವೆಂದಲ್ಲ, ಬಂತು. ಅದಕ್ಕಿಂತ ಜೋರಾಗಿ ಬಂದದ್ದು ಇನ್ನೊಂದು: ಯಾಕೆ? ಮನೆಯಲ್ಲಿ ಎಳೆದ ಗೊಂಬೆ ಇಲ್ಲಿ ಯಾಕೆ ಎಳೆಯುತ್ತಿಲ್ಲ? ಲಂಗ ಎತ್ತಿದಳು. ಅಷ್ಟರಲ್ಲೇ ಒಂದು ಸಣ್ಣ ಸದ್ದು, ಬಿಗಿದ ಮುಚ್ಚಳ ತೆರೆದ ಹಾಗೆ. ಧೂಪ ಕಪ್ಪಗೆ, ಅರ್ಧಕ್ಕೇ ಸತ್ತು ಕೂತಿತ್ತು. ಅಂಚಿನ ಮೇಲೆ ಬೆರಳಾಡಿಸಿದಳು. ರೆಕ್ಸಿನ್ ಮೇಲೆ ಬೆರಳಾಡಿಸಿದಳು. ನುಣುಪು ಮೇಲೆ ನುಣುಪು.

"ಅಯ್ಯೋ ನನ್ನ ಮುಂಡೇದೇ!" ಎಂದಳು, ತನಗೇ. ಆಮೇಲೆ ಜೋರಾಗಿ ನಗತೊಡಗಿದಳು.

"ತಲೆ ಕೆಟ್ತು ಪಾಪ," ಎಂದ ರೋನಿ.

"ಕೆಟ್ಟಿಲ್ಲ ಕಣೋ! ಉಸಿರು ಕಟ್ಟಿದೆ ಅವಳಿಗೆ. ಮನೇಲಿ ಕ್ರೋಶಾ ಬಟ್ಟೆ ಮೇಲೆ ಕೂರ್ಸಿದ್ದೆ, ತೂತಲ್ಲಿ ಗಾಳಿ ಬರ್ತಿತ್ತು. ಇಲ್ಲಿ ರೆಕ್ಸಿನ್ ಮೇಲೆ ಕೂರ್ಸಿ ಅಂಟು ಹಾಕಿದ ಹಾಗೆ ಮುಚ್ಬಿಟ್ಟಿದ್ದೀನಿ. ಅಂಚು ಅಷ್ಟು ಚೆನ್ನಾಗಿ ಕಡೆದಿದ್ದೇ ತಪ್ಪಾಗಿದೆ ನಂದು!"

"ಹೆಂಗಸಿಗೂ ಒಂದಿಷ್ಟು ಗಾಳಿ ಬೇಕಲ್ವೇನ್ರೋ?" ಎಂದು ಮಾರ್ಲೀಸ್ ಗುಂಪಿನ ಕಡೆ ತಿರುಗಿದಳು. ಹೆಂಗಸರೆಲ್ಲ ಒಟ್ಟಿಗೆ ಹೋ ಎಂದರು. ಅವಳು ತನ್ನ ಏಪ್ರನ್ನಿನಿಂದ ಎರಡು ಬೆಂಕಿಕಡ್ಡಿ ತೆಗೆದು ಚಾಚಿದಳು. "ತಗೋ, ಲಂಗದ ಕೆಳಗೆ ಇಡು. ಎತ್ತಿ ಕೂರ್ಸು, ಎಳೀತಾಳೆ."

ರೋಸ್ವಿತಾ ಕಡ್ಡಿಗಳನ್ನು ನೋಡಿದಳು. ಗೊಂಬೆಯನ್ನು ನೋಡಿದಳು. ಕಡ್ಡಿ ಇಟ್ಟರೆ ಸಾಕು, ಈಗಲೇ ಹೊಗೆ ಬರುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ. ಲೋಥಾರ್ ಏನೂ ಅನ್ನಲಾರ.

"ಬೇಡ," ಎಂದಳು. "ಕೊಂಡೋರ ಮನೆಗೆಲ್ಲ ನಿನ್ನ ಬೆಂಕಿಕಡ್ಡೀನೂ ಕಳ್ಸೋಕಾಗುತ್ತೇನೇ? ಊರುಗೋಲು ಇಟ್ಟು ನಿಲ್ಲಿಸೋ ಗೊಂಬೆ ನಾನು ಮಾರಲ್ಲ."

"ಮಾರಾಯ್ತಿ, ಮೂಲೆ ಹೋಗುತ್ತೆ!"

"ಹೋದ್ರೆ ಹೋಗ್ಲಿ. ಕೆಟ್ಟ ಗೊಂಬೆ ಮಾರಿದ್ಲು ಅಂತ ಮಾತ್ರ ಅನ್ನಿಸ್ಕೊಳ್ಳಲ್ಲ." ಅಂದವಳೇ ಹಲಗೆಯ ಕೆಳಗಿನ ಪೆಟ್ಟಿಗೆಯಿಂದ ತೂತು ಕೊರೆಯುವ ಕೈ ಬೈರಿಗೆ ತೆಗೆದಳು. ಹೊಗೆಯಮ್ಮನನ್ನು ಬೋರಲಾಗಿ ಮಲಗಿಸಿ, ಬೆನ್ನಬುಟ್ಟಿಯ ಕೆಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಮೊನೆ ಊರಿದಳು.

"ಏ, ಏ, ಏ! ಅಲ್ಲಲ್ಲ!"

ಲೋಥಾರ್ ಕೂಗಿದ್ದು. ಕೂಗಿದ್ದಷ್ಟೇ ಅಲ್ಲ, ಹಲಗೆಯ ಮೇಲೆ ಅರ್ಧ ಮೈ ಚಾಚಿ ಅವಳ ಮಣಿಕಟ್ಟು ಹಿಡಿದಿದ್ದ.

"ಅಲ್ಲಿ ಕೊರೆದ್ರೆ ಬೆನ್ನಿಂದ ಹೊಗೆ ಹೊರಡುತ್ತೆ ಕಣೇ! ಅಜ್ಜಿಗೆ ಬೆಂಕಿ ಹತ್ಕೊಂಡ ಹಾಗೆ ಕಾಣುತ್ತೆ. ಕೆಳಗೆ ಬಾ. ಇನ್ನೂ ಕೆಳಗೆ. ತಗಡಿನ ಮಟ್ಟಕ್ಕೆ."

"ಕೆಳಗೆ ಕೊರೆದ್ರೆ ತೂತು ಎದ್ದು ಕಾಣುತ್ತಲ್ಲೋ! ಲಂಗದ ಅಂದ ಕೆಡುತ್ತೆ."

"ಒಂದು ದೊಡ್ಡದು ಕೊರೆದ್ರೆ ಕೆಡುತ್ತೆ. ಸಣ್ಣ ಮೊನೆ ಹಾಕು. ಅಂಚಿನ ಸುತ್ತ ಸಾಲಾಗಿ ಪುಟ್ಟ ಪುಟ್ಟದು ಕೊರಿ. ನೋಡೋರಿಗೆ ಲೇಸ್ ಹಾಕಿದ ಹಾಗಿರುತ್ತೆ."

ರೋಸ್ವಿತಾ ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಗೊಂಬೆಯನ್ನು ನೋಡಿದಳು. ಹಾಳಾದವನು ಹೇಳಿದ್ದು ಸರಿಯಾಗಿತ್ತು. ಮೊನೆ ಬದಲಿಸಿದಳು.

"ಹಿಡ್ಕೋ ಮತ್ತೆ. ನೋಡ್ತಾ ನಿಂತಿದ್ದೀಯಲ್ಲ."

ಲೋಥಾರ್ ಹಿಡಿದ. ಬೈರಿಗೆ ಕಿರುಗುಟ್ಟಿತು, ಬಿಳಿ ಸುರುಳಿಗಳು ಕೆಂಪು ರೆಕ್ಸಿನ್ ಮೇಲೆ ಉದುರಿದವು. ಹಸಿ ಮರದಂಥ ತೆಳು ವಾಸನೆ ವೈನ್ ವಾಸನೆಯ ನಡುವೆ ಎದ್ದು ಬಂತು. ಗುಂಪು ಚದುರಲಿಲ್ಲ. ಹಿಂದಿದ್ದವರು ಮುಂದಿದ್ದವರ ಭುಜದ ಮೇಲಿಂದ ಇಣುಕಿದರು. ತುತ್ತೂರಿಯವರೂ ಊದುವುದು ಬಿಟ್ಟು ಬಂದು ನಿಂತರು. ಒಂದು ತೂತು, ಇನ್ನೊಂದು, ಮತ್ತೊಂದು. ಲಂಗಕ್ಕೆ ನಿಜಕ್ಕೂ ಲೇಸ್ ಬಂದ ಹಾಗಿತ್ತು.

ಕೊರೆದದ್ದು ಮುಗಿದಾಗ ರೋಸ್ವಿತಾ ಹೊಸ ಧೂಪಕ್ಕೆ ಕೈ ಹಾಕಿದಳು. ಲೋಥಾರ್ ಆ ಕೈಯನ್ನು ಪಕ್ಕಕ್ಕೆ ಸರಿಸಿದ. ತಗಡಿನ ಮೇಲೆ ಸತ್ತು ಕೂತಿದ್ದ ಅರ್ಧ ಧೂಪವನ್ನೇ ಬೆರಳಲ್ಲಿ ಎತ್ತಿ, ಮತ್ತೆ ಹಚ್ಚಿ, ಊದಿ, ಮತ್ತೆ ಅಲ್ಲೇ ಇಟ್ಟ.

"ಇದೇನಪ್ಪ ಅಧ್ಯಕ್ಷರೇ?" ರೋನಿ ಮುಂದೆ ಬಂದ. "ಆಟ ಮುಗೀತಲ್ಲ! ಧೂಪ ಆರಿ ಹೋಯ್ತು!"

"ನಾನು ಏನಂದಿದ್ದೆ? ಒಂದು ಧೂಪ ಬೂದಿ ಆಗೋವರೆಗೂ ಅಂದಿದ್ದೆ. ಇದು ಅದೇ ಧೂಪ. ಬೂದಿ ಆಗಿದೆಯಾ?"

"ಆಗಿಲ್ಲ, ಆದ್ರೆ…"

"ಆಗಿಲ್ಲ ತಾನೆ? ಹಂಗಾದ್ರೆ ಇನ್ನೂ ನಡೀತಾ ಇದೆ."

"ನಡುವೆ ನಿಂತಿತ್ತಲ್ಲ!"

"ಹಿಮದಲ್ಲಿ ಡ್ರೆಸ್ಡನ್‌ಗೆ ನಡೆಯೋಳು ಉಸಿರು ತಗೊಳ್ಳೋಕೆ ಒಂದು ಕಡೆ ನಿಲ್ಲಲ್ವೇನಯ್ಯ?" ಎಂದು ಲೋಥಾರ್ ಲಂಗ ಕವುಚಿದ.

ಹೊಗೆ ಬಂತು. ಮೊದಲು ಹೆದರಿದ ಹಾಗೆ, ಆಮೇಲೆ ಧೈರ್ಯವಾಗಿ, ಆಮೇಲೆ ತನ್ನ ಮನೆಯ ಬಾಗಿಲಲ್ಲಿ ನಿಂತವಳ ಹಾಗೆ ನಿರಾಳವಾಗಿ. ಅಷ್ಟು ಜನ ಒಂದು ಮರದ ಮುದುಕಿ ಪೈಪ್ ಸೇದುವುದನ್ನು ನೋಡುತ್ತ, ಲೋಟದ ವೈನ್ ಆರಿಹೋಗುವವರೆಗೆ ನಿಂತೇ ಇದ್ದರು. ಕೊನೆಗೆ ಎಳೆ ಸಣ್ಣದಾಗಿ ನಿಂತಿತು. ಲೋಥಾರ್ ಲಂಗ ಎತ್ತಿ ತೋರಿಸಿದ. ಬಿಳಿ ಬೂದಿ, ಅಷ್ಟೇ.

"ಮೂಲೆ ರೋಸ್ವಿತಾಳದ್ದು," ಎಂದ, ಸಭೆಯಲ್ಲಿ ಹೇಳುವ ಗಂಟಲಲ್ಲಿ. "ಹೊಗೆಯಮ್ಮನೂ ಸಂತೆಯವಳೇ."

ಆಗ ಎದ್ದ ಗದ್ದಲದಲ್ಲಿ ರೋನಿಯ "ನನ್ನ ಗತಿ?" ಎಂಬ ಮಾತು ಮುಳುಗಿಹೋಯಿತು. ಮಾರ್ಲೀಸ್ ಅವನ ಕೈಗೆ ಬಿಸಿ ವೈನ್ ತುರುಕಿ, "ನಿನ್ನ ಚೀಸ್ ವಾಸ್ನೆಗೆ ಜನ ಎಲ್ಲಿದ್ರೂ ಹುಡುಕ್ಕೊಂಡು ಬರ್ತಾರೆ ಬಿಡಪ್ಪ, ಮೂಲೆ ಯಾಕೆ?" ಎಂದಳು. ಅವನು ಟೇಪನ್ನು ಜೇಬಿಗೆ ಹಾಕಿ, ಕುಡಿದ.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಕೈಗಳು ಚಾಚಿದ್ದವು. ನನಗೊಂದು, ನನಗೆರಡು, ನಮ್ಮಮ್ಮನಿಗೊಂದು. ಆ ಮೊದಲ ಗೊಂಬೆಯನ್ನೇ ಎತ್ತಲು ಹೋದ ಒಬ್ಬಳ ಕೈಯನ್ನು ರೋಸ್ವಿತಾ ತಟ್ಟಿದಳು.

"ತಾಳಮ್ಮ! ಉಳಿದೋರಿಗೆಲ್ಲ ಇನ್ನೂ ಉಸಿರು ಬರ್ಬೇಕು. ನಿನ್ನ ಕಣ್ಮುಂದೇನೇ ಕೊರೆದು ಕೊಡ್ತೀನಿ, ಸಾಲಲ್ಲಿ ನಿಲ್ಲು."

ಲೋಥಾರ್ ಕೈಗವಸು ಹಾಕಿಕೊಳ್ಳಲು ಹೊರಟಿದ್ದ.

"ನೀನೆಲ್ಲಿಗೆ?" ಎಂದಳು ರೋಸ್ವಿತಾ. ಮುಂದಿನ ಹೊಗೆಯಮ್ಮನನ್ನು ಅವನ ಎದೆಗೆ ಒತ್ತಿದಳು. "ಲೇಸ್ ಅಂತ ಹೇಳಿದೋನು ನೀನು. ಹಿಡ್ಕೋ, ಗಟ್ಟಿಯಾಗಿ. ಕೈ ನಡುಗಿಸ್ಬೇಡ."

"ನಂದಲ್ಲ, ನಿನ್ನ ಕೈ ನಡುಗ್ತಿರೋದು," ಎಂದ ಲೋಥಾರ್, ಹಿಡಿದುಕೊಂಡೇ.